ಕೆರೆಯಂಗಳದ ಕೆಂಪು ಮುಖ

“ಅಯ್ಯೋ ನನ್ನ ಕಂದಾ! ಕೋಟೆ ಬಾಗಿಲು ಹಾಕಿಸಿ ನಾನೇ ನಿನ್ನನ್ನು ಕೊಂದೆನಲ್ಲಾ!”

ಪಕ್ಕದ ಗುಡಿಸಲಿನಿಂದ ಈ ಕೂಗು ಕೇಳಿದಾಗ ನಾನು ಮುದ್ದೆ ತೊಳಸುತ್ತಿದ್ದೆ. ಕೋಲು ಕೈಯಿಂದ ಜಾರಿತು. ಆ ವರ್ಷ ನಮ್ಮ ಅಜ್ಜಂಪುರದಲ್ಲಿ ಯಾರಾದರೂ ಅತ್ತರೆ ಅದಕ್ಕೆ ಇದ್ದ ಅರ್ಥ ಒಂದೇ. ಕಾರ್ತಿಕದಲ್ಲಿ ಪೇಟೆ ಬೀದಿಯಲ್ಲಿ ಇಲಿ ಸತ್ತು ಬಿದ್ದವು. ವಾರದೊಳಗೆ ಮನುಷ್ಯರು ಬಿದ್ದರು. ಊರು ಬಿಡಿ ಎಂದು ತರೀಕೆರೆಯಿಂದ ಅಮಲ್ದಾರರ ಹುಕುಂ ಬಂತು. ಜನರೆಲ್ಲ ಮನೆಗಳಿಗೆ ಬೀಗ ಜಡಿದು, ಊರಾಚೆಯ ತೆಂಗಿನ ತೋಟದಲ್ಲಿ ಗರಿಯ ಗುಡಿಸಲು ಹಾಕಿಕೊಂಡು ಎರಡು ತಿಂಗಳಾಗಿತ್ತು.

“ಪ್ಲೇಗು! ಮೇಷ್ಟ್ರ ಗುಡಿಸಲಲ್ಲಿ ಪ್ಲೇಗು!” ಎಂದು ಕಿರುಚುತ್ತಾ ಹೊರಗೋಡಿದೆ.

ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೂವತ್ತು ಜನ ಸೇರಿದರು. ಯಾರೂ ಹತ್ತಿರ ಹೋಗಲಿಲ್ಲ. ಒಬ್ಬರು ಸುಣ್ಣದ ಬುಟ್ಟಿ ತಂದರು. ನನ್ನ ಸೋದರತ್ತೆ ಕಾಶಮ್ಮ ವಿಭೂತಿ ತಂದಳು. ಅಷ್ಟರಲ್ಲಿ ಗುಡಿಸಲಿನ ತಟ್ಟಿ ಸರಿಯಿತು. ಹೊದಿಯುವ ದುಪ್ಪಟಿಯನ್ನು ಹೆಗಲಿನಿಂದ ಹಿಮ್ಮಡಿಯವರೆಗೆ ಇಳಿಬಿಟ್ಟುಕೊಂಡು ಷಣ್ಮುಖಪ್ಪ ಮೇಷ್ಟ್ರು ಹೊರಗೆ ಬಂದರು. ಗುಂಪನ್ನು ನೋಡಿ ಅವರ ಮುಖ ನಮ್ಮೆಲ್ಲರ ಮುಖಕ್ಕಿಂತ ಬೆಳ್ಳಗಾಯಿತು.

“ಯಾರಿಗಾಯ್ತು? ಎಲ್ಲಿ? ಯಾವ ಗುಡಿಸಲು?” ಎಂದು ತಾವೇ ಓಡಲು ಸಿದ್ಧರಾದರು.

“ನಿಮಗೇ ಕಣ್ರೀ! ಮಗ ಸತ್ತ ಅಂತ ಅಳ್ತಿದ್ರಲ್ಲ!” ಅಂದೆ.

“ನಂಗೆಲ್ಲಿ ಮಗ? ಮದ್ವೇನೇ ಆಗಿಲ್ಲ. ನಾನು... ನಾಟಕದ ಮಾತು ಹೇಳ್ಕೋತಿದ್ದೆ.”

ಕಾಶಮ್ಮತ್ತೆ ವಿಭೂತಿಯನ್ನು ನೆಲಕ್ಕೆ ಚೆಲ್ಲಿ, “ಬೆಂಕಿ ಬೀಳ್ಲಿ ನಿನ್ ನಾಟ್ಕಕ್ಕೆ! ಜೀವ ಬಾಯಿಗೆ ಬಂದ್ಬಿಟ್ಟಿತ್ತು” ಅಂದಳು. ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಎರಡು ತಿಂಗಳಲ್ಲಿ ಆ ತೋಟದಲ್ಲಿ ನಗು ಕೇಳಿದ್ದು ಅದೇ ಮೊದಲು.

ಮೇಷ್ಟ್ರು ಮಾತ್ರ ನಗಲಿಲ್ಲ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಬೇಕೆಂದಿದ್ದರೋ ಏನೋ, ಅರ್ಧದಲ್ಲಿ ಮರೆತುಹೋಯಿತು. ನಾನೂ ಕಣ್ಣು ಕೆಳಗಿಳಿಸಬೇಕಿತ್ತು. ಇಳಿಸಲಿಲ್ಲ. ಒಳಗೆ ಮುದ್ದೆ ಸೀದುಹೋಯಿತು.

ನನಗಾಗ ಇಪ್ಪತ್ತು ತುಂಬಿತ್ತು. ಅಮ್ಮ ಮೊದಲನೇ ಪ್ಲೇಗಿನಲ್ಲೇ, ನಾನು ಆರು ವರ್ಷದವಳಿದ್ದಾಗ ಹೋಗಿದ್ದಳು. ಅಪ್ಪ ತೀರ್ಥಪ್ಪ ಹತ್ತಿ, ಕೊಬ್ಬರಿ ವ್ಯಾಪಾರದವನು. ಮಾತು ಕಡಿಮೆ, ಹೆದರಿಕೆ ಜಾಸ್ತಿ. ನನ್ನನ್ನು ಎಲ್ಲಾದರೂ ಭದ್ರವಾದ ಕಡೆ ಸೇರಿಸಿಬಿಟ್ಟರೆ ಸಾಕೆಂದು ತರೀಕೆರೆಯ ಅಡಿಕೆ ಮಂಡಿಯ ತಮ್ಮಯ್ಯನಿಗೆ ಮಾತು ಕೊಟ್ಟಿದ್ದ. ತಮ್ಮಯ್ಯನಿಗೆ ನಲವತ್ತೆರಡು, ಹೆಂಡತಿ ತೀರಿಕೊಂಡಿದ್ದಳು. ನಾವೆಲ್ಲ ಊರಿಗೆ ವಾಪಸಾದ ಹದಿನೈದು ದಿನಕ್ಕೆ ಮದುವೆ. ನನ್ನನ್ನು ಯಾರೂ ಕೇಳಿರಲಿಲ್ಲ, ಕೇಳುವ ಪದ್ಧತಿಯೂ ಇರಲಿಲ್ಲ. ಜನರೆಲ್ಲ ಮನೆಗೆ ಹೋಗುವುದು ಯಾವಾಗ ಎಂದು ಹಂಬಲಿಸುತ್ತಿದ್ದರೆ ನಾನೊಬ್ಬಳು ಹೋಗುವುದೇ ಬೇಡಪ್ಪಾ ಎಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಂಡದ್ದಕ್ಕೆ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದೆ.

ನಮ್ಮ ಗುಡಿಸಲಿಗೂ ಮೇಷ್ಟ್ರ ಗುಡಿಸಲಿಗೂ ನಡುವೆ ಇದ್ದದ್ದು ಒಂದು ಗರಿಯ ಗೋಡೆ. ಆ ಕಡೆ ಅವರು ಮಾತು ಒಪ್ಪಿಸುತ್ತಿದ್ದರು, ಈ ಕಡೆ ನಾನು ಹುರುಳಿ ಆರಿಸುತ್ತಿದ್ದೆ. ನಾಲ್ಕನೇ ದಿನ ಅವರೊಂದು ಸಾಲು ಮರೆತು ತಡವರಿಸಿದರು. ನನ್ನ ಬಾಯಿ ಸುಮ್ಮನಿರಲಿಲ್ಲ.

“‘ಬಾಗಿಲ ಆಚೆ ನಿಂತವನು ಶತ್ರುವೆಂದು ತಿಳಿದೆ’ ಅಂತ ಬರಬೇಕು, ಮೇಷ್ಟ್ರೇ.”

ಆ ಕಡೆ ಹೆಜ್ಜೆ ಸದ್ದು ಗೋಡೆಯ ಹತ್ತಿರ ಬಂತು.

“ಯಾರದು?”

“ಪ್ಲೇಗು ಅಂತ ಕಿರುಚಿದೋಳು.”

“ಓ. ಮಲ್ಲಿಕಾಂಬ ಅವ್ರಾ?” ಎಂದು ಮೆಲ್ಲಗೆ ಅಂದರು. ನನ್ನ ಹೆಸರನ್ನು ಮೊದಲೇ ತಿಳಿದುಕೊಂಡಿದ್ದಾರೆ ಎಂದು ಗೊತ್ತಾಗಿ ಕಿವಿ ಬಿಸಿಯಾಯಿತು.

ಅಂದಿನಿಂದ ಗರಿಯ ಸಂದಿನಲ್ಲಿ ನಮ್ಮ ಪಾಠ ಶುರುವಾಯಿತು. ಅವರು ಕಡೂರಿನವರು, ಮೈಸೂರಿನ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದರು. ಅಲ್ಲಿ ಗ್ರೀಕರ ನಾಟಕಗಳ ಬಗ್ಗೆ ಚಿತ್ರಗಳಿದ್ದ ಒಂದು ಪುಸ್ತಕ ಸಿಕ್ಕಿ ಹುಚ್ಚು ಹತ್ತಿಸಿತ್ತಂತೆ. ಗುಡ್ಡದ ಇಳಿಜಾರಿಗೆ ಕಲ್ಲಿನ ಮೆಟ್ಟಿಲು ಕಡಿದು ಊರಿಗೆ ಊರೇ ಕೂರುತ್ತಿತ್ತಂತೆ. ಕೆಳಗೆ ಒಕ್ಕಣೆ ಕಣದ ಹಾಗೆ ದುಂಡನೆಯ ಜಾಗ, ಅಲ್ಲಿ ಮೇಳದವರು ಹಾಡುತ್ತಾ ಸುತ್ತುತ್ತಿದ್ದರು. ದೀಪ, ಪರದೆ ಏನೂ ಇಲ್ಲ. ಹಾಡಹಗಲಲ್ಲೇ ಆಟ. ನಟರಿಗೆಲ್ಲ ಮುಖವಾಡ.

“ಹೆಂಗಸ್ರ ಪಾರ್ಟು?” ಎಂದು ಕೇಳಿದೆ.

“ಗಂಡಸರೇ ಮಾಡ್ತಿದ್ರು.”

“ಸರಿ ಬಿಡಿ, ನಿಮ್ ಗ್ರೀಕ್ರೂ ನಮ್ಮಪ್ಪನ ಥರದವ್ರೇ.”

ಅವರು ನಕ್ಕದ್ದು ಗರಿಗಳ ನಡುವಿನಿಂದ ಕೇಳಿತು. ಆಮೇಲೆ ಗಂಭೀರವಾಗಿ, “ಅವರ ನಾಟಕದಲ್ಲಿ ಯಾರೂ ಜನರ ಕಣ್ಣೆದುರು ಸಾಯಲ್ಲ. ಸಾವು ಬಾಗಿಲ ಹಿಂದೆ ಆಗುತ್ತೆ. ಒಬ್ಬ ದೂತ ಬಂದು ಸುದ್ದಿ ಹೇಳ್ತಾನೆ” ಅಂದರು.

“ನಮ್ಮಲ್ಲೂ ಹಾಗೇ ಅಲ್ವಾ? ಸಾವು ಯಾವ್ದೋ ಗುಡಿಸ್ಲೊಳಗೆ. ನಮಗೆ ಬರೀ ಸುದ್ದಿ.”

“ಅದಕ್ಕೇ ಮಾಡಿಸ್ಬೇಕು ಅಂತಿರೋದು. ಇಲ್ಲಿ ಒಬ್ಬೊಬ್ಬರೂ ತಮ್ತಮ್ಮ ಗುಡಿಸ್ಲಲ್ಲಿ ಒಬ್ಬೊಬ್ಬರೇ ಹೆದರ್ತಿದೀವಿ. ಅವರು ಎಲ್ಲರೂ ಒಂದೇ ಕಡೆ ಕೂತು, ಒಟ್ಟಿಗೆ ಹೆದರಿ, ಒಟ್ಟಿಗೆ ಅತ್ತು, ಹಗುರಾಗಿ ಮನೆಗೆ ಹೋಗ್ತಿದ್ರು.”

“ನಿಮಗೂ ಹೆದರಿಕೆ ಆಗುತ್ತಾ?”

“ನಂಗಾ? ದಿನಾ ಬೆಳಿಗ್ಗೆ ಕಂಕುಳಲ್ಲಿ ಗಡ್ಡೆ ಇದೆಯಾ ಅಂತ ಮೂರು ಸಲ ಮುಟ್ಟಿ ನೋಡ್ಕೋತೀನಿ.”

ನಾನು ಐದು ಸಲ ಮುಟ್ಟಿಕೊಳ್ಳುತ್ತಿದ್ದೆ. ಅದನ್ನು ಹೇಳಲಿಲ್ಲ. ಆದರೆ ಅಷ್ಟು ನಿಜ ಹೇಳುವ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಗಳಿಗೆಯಿಂದಲೇ ಅವರನ್ನು ಪ್ರೀತಿಸಿದೆ. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ?

ಅವರೇ ಕಟ್ಟಿದ ಕಥೆ ಚಿಕ್ಕದು. ಒಬ್ಬ ರಾಣಿ ಶತ್ರುವಿನ ಭಯಕ್ಕೆ ಕೋಟೆ ಬಾಗಿಲು ಮುಚ್ಚಿಸುತ್ತಾಳೆ. ರಾತ್ರಿಯಿಡೀ ಯಾರೋ ಬಾಗಿಲು ಬಡಿಯುತ್ತಾರೆ, ಅವಳು ತೆಗೆಸುವುದಿಲ್ಲ. ಬೆಳಿಗ್ಗೆ ದೂತ ಬಂದು, ಆಚೆ ಸತ್ತುಬಿದ್ದವನು ನಿನ್ನ ಮಗ ಅನ್ನುತ್ತಾನೆ. ಆಡುವ ಜಾಗ ನೀರು ಬತ್ತಿದ್ದ ನಮ್ಮ ಕೆರೆಯಂಗಳ. ಏರಿಯ ಕಲ್ಲಿನ ಮೆಟ್ಟಿಲ ಮೇಲೆ ಜನ. ಮೇಳದವರಿಗೆ ಬಿಳಿ ಪಂಚೆ. ಮುಖವಾಡ ರಾಣಿಗೊಬ್ಬಳಿಗೆ, ಅದನ್ನು ಮಾಡಲು ಲಕ್ಕಣ್ಣ ಒಪ್ಪಿಕೊಂಡ.

ಈ ಲಕ್ಕಣ್ಣ ಊರಮ್ಮನ ಮುಂದೆ ಸೋಮ ಹೊರುವ ಮನೆತನದವನು. ಸೋಮ ಅಂದರೆ ದೊಡ್ಡ ಕೆಂಪು ಮುಖವಾಡ. ಅದನ್ನು ಹೊತ್ತು ಕುಣಿಯುವಾಗ ಒಳಗಿರುವವನನ್ನು ನಮ್ಮ ಕಡೆ ಮನುಷ್ಯನೆಂದು ಲೆಕ್ಕವಿಡುವುದಿಲ್ಲ. ಹೆಸರು ಹಿಡಿದು ಕರೆಯುವಂತಿಲ್ಲ. ಜನ ಅಡ್ಡಬಿದ್ದು ಅಪ್ಪಣೆ ಕೇಳುತ್ತಾರೆ. ಹೇಳಿದ್ದು ನಡೆಯಲೇಬೇಕು.

ಮೇಷ್ಟ್ರು ಗ್ರೀಕರ ಮುಖವಾಡದ ಗುರುತು ಹೇಳಿದರು. ಅಗಲ ಕಣ್ಣು, ತೆರೆದ ಬಾಯಿ, ದೂರ ಕೂತವರಿಗೂ ಕಾಣುವಂತಿರಬೇಕು. ಲಕ್ಕಣ್ಣ ಹೂಂ ಹೂಂ ಅಂದ. ಕಾಗದ ನೆನೆಸಿ, ಮೆಂತ್ಯದ ಅಂಟು ಹಾಕಿ, ತನ್ನ ಕೈಗೆ ಬರುತ್ತಿದ್ದುದನ್ನೇ ಮಾಡಿದ. ಕೆಂಪು ಬಳಿದ. ಬೊಟ್ಟಿಟ್ಟ. ಕೊಡುವ ಮೊದಲು ಅಭ್ಯಾಸಬಲದಿಂದ ಕರ್ಪೂರವನ್ನೂ ಬೆಳಗಿದ. ಇದರಿಂದ ಏನಾಗಬಹುದು ಎಂದು ಮೇಷ್ಟ್ರಿಗೆ ಹೊಳೆಯಲಿಲ್ಲ. ಹಗಲೂ ರಾತ್ರಿ ಗ್ರೀಸಿನಲ್ಲಿದ್ದವರಿಗೆ ಅಜ್ಜಂಪುರ ಹೇಗೆ ಕಾಣಬೇಕು?

ಶಿವರಾತ್ರಿ ಕಳೆಯಿತು. ಮೂರು ವಾರದಿಂದ ಒಂದೂ ಸಾವು ಆಗಿರಲಿಲ್ಲ. ಸೋಮವಾರ ಎಲ್ಲರೂ ಮನೆಗೆ ಎಂದು ಹಿರಿಯರು ಗೊತ್ತುಮಾಡಿದರು. ನಾಟಕ ಶನಿವಾರ ಮಧ್ಯಾಹ್ನಕ್ಕೆ ಬಿತ್ತು. ಶನಿವಾರ ಬೆಳಿಗ್ಗೆ ರಾಣಿ ಓಡಿಹೋದಳು. ಅಂದರೆ ರಾಣಿಯ ಪಾರ್ಟು ಕಲಿತಿದ್ದ ಕರಿಸಿದ್ದಪ್ಪ, ಜವಳಿ ಅಂಗಡಿಯವನು, ಪೇಟೆಯಲ್ಲಿ ಮತ್ತೆ ಇಲಿ ಬಿದ್ದವಂತೆ ಎಂಬ ಗಾಳಿಮಾತು ಕೇಳಿ ಬೆಳಗಿನ ರೈಲಿಗೆ ಕಡೂರಿಗೆ ಪರಾರಿಯಾದ.

ಗರಿಯಾಚೆ ಮೇಷ್ಟ್ರು ನಿಟ್ಟುಸಿರು ಬಿಟ್ಟರು. “ಮುಗೀತು. ಎಲ್ಲಾ ಹಾಳಾಯ್ತು.”

“ನಾನ್ ಮಾಡ್ತೀನಿ.”

“ಏನು?”

“ರಾಣಿ ಪಾರ್ಟು. ಮಾತೆಲ್ಲಾ ಬಾಯಿಗೆ ಬರುತ್ತೆ. ಮುಖ ಮುಚ್ಚಿರುತ್ತಲ್ಲ, ಯಾರಿಗ್ ಗೊತ್ತಾಗುತ್ತೆ?”

“ಬೇಡಿ ಬೇಡಿ. ನಿಮ್ಮಪ್ಪ ಎದುರ್ಗೇ ಕೂತಿರ್ತಾರೆ. ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ. ನಿಮ್ಮನ್ನ... ನಿಮ್ಮನ್ನ ನಾಳೇನೇ ತರೀಕೆರೆಗೆ ಸಾಗಿಸ್ಬಿಡ್ತಾರೆ.”

“ಹೆಂಗಿದ್ರೂ ಹದಿನೈದು ದಿನಕ್ಕೆ ಸಾಗಿಸ್ತಾರೆ. ಅಮ್ಮ ಸತ್ತಾಗ್ಲೂ ನನ್ನ ಗಟ್ಟಿಯಾಗಿ ಅಳೋಕೆ ಬಿಡ್ಲಿಲ್ಲ, ಸರ್ಕಾರದವ್ರಿಗೆ ಗೊತ್ತಾದ್ರೆ ಮನೆ ಖಾಲಿ ಮಾಡಿಸ್ತಾರೆ ಅಂತ. ಒಂದ್ಸಲ, ಒಂದೇ ಒಂದ್ಸಲ ಬಾಯಿ ಬಿಟ್ಟು ಅಳ್ಬೇಕು ಮೇಷ್ಟ್ರೇ.”

“ಕಾಲು ಮುಚ್ಚೋ ಅಷ್ಟು ಉದ್ದದ ಸೀರೆ ಬೇಕು” ಅಂದರು.

ಅಂಥ ಸೀರೆ ಇದ್ದದ್ದು ಊರೊಳಗಿನ ನಮ್ಮ ಮನೆಯಲ್ಲಿ, ಅಮ್ಮನ ಪೆಟ್ಟಿಗೆಯಲ್ಲಿ. ಊರೊಳಗೆ ಕಾಲಿಡಬಾರದೆಂದು ಅಪ್ಪನ ಆಣೆ. ಆದರೂ ಹೋದೆ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಹಿತ್ತಿಲ ಬಾಗಿಲ ಅಗುಳಿ ಎಬ್ಬಿಸಿ ಒಳಗೆ ಹೊಕ್ಕೆ. ಕತ್ತಲು, ಮುಗ್ಗಲು ವಾಸನೆ. ಉಗ್ರಾಣದಲ್ಲಿ ಪೆಟ್ಟಿಗೆ ತೆಗೆದು ಸೀರೆ ಎಳೆದುಕೊಂಡು ತಿರುಗಿದೆ. ಕಾಲಿಗೆ ಏನೋ ಮೆತ್ತಗೆ ತಾಗಿತು.

ಇಲಿ. ಅದರಾಚೆ ಇನ್ನೊಂದು. ಮೂರನೆಯದು ಇನ್ನೂ ಸತ್ತಿರಲಿಲ್ಲ. ಕುಡಿದವರ ಹಾಗೆ ತಿರುಗಿ ತಿರುಗಿ, ನನ್ನ ಕಣ್ಣೆದುರೇ ಮಗುಚಿಬಿತ್ತು.

ಕೊರಳಿನ ಲಿಂಗ ಹಿಡಿದುಕೊಂಡು ಓಡಿದೆ. ತೋಟ ಸೇರುವವರೆಗೂ ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ. ಸೋಮವಾರ ಊರೆಲ್ಲ ಆ ಮನೆಗಳಿಗೆ ಹೋಗುತ್ತದೆ. ಹೇಳಬೇಕು, ಈಗಲೇ ಹೇಳಬೇಕು. ಹೇಳಿದರೆ ನೀನ್ಯಾಕೆ ಅಲ್ಲಿಗೆ ಹೋದೆ ಅನ್ನುತ್ತಾರೆ. ತೋಟದ ಕೊನೆಯ ಒಂಟಿ ಗುಡಿಸಲಿಗೆ ತಳ್ಳುತ್ತಾರೆ. ಅಲ್ಲಿಗೆ ಹೋದ ನಾಲ್ವರಲ್ಲಿ ಒಬ್ಬರು ಮಾತ್ರ ವಾಪಸ್ ಬಂದಿದ್ದರು. ನಾಟಕ ಆದ ಮೇಲೆ ಹೇಳೋಣ ಎಂದುಕೊಂಡೆ. ಅದು ತಪ್ಪು ಎಂದು ಆಗಲೂ ಗೊತ್ತಿತ್ತು.

ಮಧ್ಯಾಹ್ನ ಕಾಶಮ್ಮತ್ತೆಯನ್ನು ದೂರದಿಂದಲೇ ಸಾಗಹಾಕಿದೆ. “ಹುರುಳಿ ಬೇಯ್ತಿದೆ, ನೀವ್ ನಡೀರಿ, ಹಿಂದ್ಗಡೆ ಬತ್ತೀನಿ” ಅಂದೆ. ಆಮೇಲೆ ಸೆರಗು ಹೊದ್ದು ಕೆರೆಯ ತೂಬಿನ ಹಿಂದೆ ಬಂದೆ. ಮೇಷ್ಟ್ರು ಕಾಯುತ್ತಿದ್ದರು. ಅಂಗಿಯ ಗುಂಡಿಯನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದರು. ಗರಿಯ ಅಡ್ಡಿಯಿಲ್ಲದೆ ನಾವು ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು.

“ಗುಂಡಿ” ಅಂದೆ.

“ಆಂ?”

“ತಪ್ಪಾಗಿದೆ. ಗ್ರೀಕ್ರು ಹಾಗೇ ಹಾಕೋತಿದ್ರಾ?”

ಅವರು ಕೆಳಗೆ ನೋಡಿಕೊಂಡು ಕೆಂಪಾದರು. ಮುಖವಾಡ ಎತ್ತಿದರು. ಅದರ ದಾರ ನನ್ನ ತಲೆಯ ಹಿಂದೆ ಕಟ್ಟಬೇಕಿತ್ತು.

“ಮುಟ್ಬೇಡಿ. ದಾರ ಮಾತ್ರ ಹಿಡ್ಕೊಳ್ಳಿ” ಅಂದೆ. ಅವರು ನಾಚಿಕೆ ಎಂದುಕೊಂಡರು. ಇಲಿ ಬಿದ್ದ ನೆಲ ತುಳಿದು ಬಂದವಳು ನಾನು ಎಂದು ಹೇಗೆ ಹೇಳಲಿ? ಅವರ ಉಸಿರು ಕತ್ತಿಗೆ ತಾಗುತ್ತಿತ್ತು. ಗಂಟು ಹಾಕಲು ಅಷ್ಟು ಹೊತ್ತು ಬೇಕಿರಲಿಲ್ಲ. ಬೇಗ ಮುಗಿಸಿ ಎಂದು ನಾನೂ ಹೇಳಲಿಲ್ಲ.

“ಇದ್ರೊಳಗೆ ಅತ್ರೆ ಯಾರಿಗೂ ಕಾಣಲ್ಲ, ಅಲ್ವಾ?”

“ಕಾಣಲ್ಲ. ನಂಗೆ ಗೊತ್ತಾಗುತ್ತೆ” ಅಂದರು.

ಕೆರೆಯಂಗಳಕ್ಕೆ ಇಳಿದೆ. ಎರಡು ತೂತುಗಳಲ್ಲಿ ಪ್ರಪಂಚ ಚೂರು ಚೂರಾಗಿ ಕಾಣುತ್ತಿತ್ತು. ಒಂದು ಚೂರು ಬಿಸಿಲು, ಒಂದು ಚೂರು ಬಿಳಿ ಪಂಚೆ. ಮೆಂತ್ಯದ ವಾಸನೆ, ನನ್ನದೇ ಬಿಸಿ ಉಸಿರು. ಮೇಳದವರು ದುಂಡಗೆ ಸುತ್ತುತ್ತಾ ಹಾಡಿದರು. ಬಾಗಿಲು ಬಡಿದ ಸದ್ದಾಯಿತು. ತೆಗೆಯಬೇಡಿ ಎಂದು ಆಜ್ಞೆ ಮಾಡಿದೆ. ದೂತನ ವೇಷದಲ್ಲಿ ಮೇಷ್ಟ್ರೇ ಬಂದು ಮಗ ಸತ್ತ ಸುದ್ದಿ ಹೇಳಿದರು.

ನಾನು ಅತ್ತೆ. ರಾಣಿಯ ಮಗನಿಗೆಂದು ಶುರುಮಾಡಿದ್ದು ಅಮ್ಮನ ಹತ್ತಿರ ಹೋಯಿತು. ಹದಿನಾಲ್ಕು ವರ್ಷ ನುಂಗಿದ್ದ ಕೂಗು ಬತ್ತಿದ ಕೆರೆಯ ತುಂಬಾ ಹರಡಿ, ಏರಿಗೆ ಬಡಿದು ವಾಪಸ್ ಬಂತು.

ಅಳು ನಿಂತಾಗ ಯಾರೂ ಮಿಸುಕುತ್ತಿರಲಿಲ್ಲ. ಆಮೇಲೆ ಮೆಟ್ಟಿಲ ಮೇಲಿಂದ ಒಬ್ಬಳು ಮುದುಕಿ ಎದ್ದು ಕೈ ಮುಗಿದಳು.

“ಅಮ್ಮ ಬಂದ್ಲು! ಊರಮ್ಮ ಮೈದುಂಬಿದಾಳೆ ಕಣ್ರಪ್ಪೋ!”

ನೋಡನೋಡುತ್ತಿದ್ದಂತೆ ಏರಿಯ ಮೇಲಿನ ಜನ ಜೋಳದ ತೆನೆ ಬಾಗಿದ ಹಾಗೆ ಬಾಗಿದರು. ಮೇಳದ ಹನ್ನೆರಡು ಜನವೂ ಪಂಚೆಯಲ್ಲೇ ಮಂಡಿಯೂರಿದರು. ಎಲ್ಲಿಂದಲೋ ಕರ್ಪೂರ ಬಂತು, ಬೇವಿನ ಸೊಪ್ಪು ಬಂತು. ಮೇಷ್ಟ್ರೊಬ್ಬರು ದೂತನ ಕೋಲು ಹಿಡಿದು ನಿಂತೇ ಇದ್ದರು. “ಇಲ್ರೀ, ಇದು ನಾಟ್ಕ, ನಾಟ್ಕ” ಅನ್ನುತ್ತಿದ್ದರು. ಯಾರಿಗೂ ಕೇಳಿಸಲಿಲ್ಲ.

ಈಗ ಮುಖವಾಡ ತೆಗೆದರೆ ಊರಮ್ಮನ ಹೆಸರಲ್ಲಿ ಮೋಸ ಮಾಡಿದಳು ಎಂದು ಅಲ್ಲೇ ಕಲ್ಲು ಬೀಳುತ್ತದೆ. ತೆಗೆಯದಿದ್ದರೆ ಮಾತಾಡಬೇಕು.

ಹಿರಿಯರಾದ ಗಂಗಾಧರಯ್ಯನವರು ಮುಂದೆ ಬಂದು ಕೇಳಿದರು: “ತಾಯೀ, ಸೋಮವಾರ ಮಕ್ಳು ಮರೀನೆಲ್ಲಾ ಕಟ್ಕೊಂಡು ಮನೆಗೆ ಹೋಗ್ತಿದೀವಿ. ಅಪ್ಪಣೆ ಕೊಡು.”

ದೇವರ ಬಾಯಲ್ಲಿ ಸುಳ್ಳು ಹೇಳಬಾರದು. ನಿಜ ಹೇಳಬಹುದೇ? ಯೋಚಿಸಲು ಹೊತ್ತಿರಲಿಲ್ಲ. ಧ್ವನಿಯನ್ನು ಹೊಟ್ಟೆಯಿಂದ ಎಳೆದೆ.

“ಹೋಗ್ಬ್ಯಾಡಿ. ತೀರ್ಥಪ್ಪನ ಉಗ್ರಾಣದಲ್ಲಿ ಮೂರು ಇಲಿ ಬಿದ್ದವೆ.”

ಹೆಂಗಸರು ಹೋ ಎಂದರು. ಗುಂಪು ಬಿಚ್ಚಿಕೊಂಡಿತು. ಹೆಸರು ಹಿಡಿದು ಕರೆದಿದ್ದರಿಂದ ಅಪ್ಪ ಎದ್ದು ಬರಲೇಬೇಕಾಯಿತು. ಪೇಟ ಕಂಕುಳಲ್ಲಿದ್ದು ನರೆತ ತಲೆ ಬರಿದಾಗಿತ್ತು, ಕೈಯಲ್ಲಿ ಕರ್ಪೂರದ ತಟ್ಟೆ ಇತ್ತು. ನನ್ನಪ್ಪ ಅಷ್ಟು ಮುದುಕನಾಗಿದ್ದಾನೆ ಎಂದು ಆ ತೂತುಗಳಲ್ಲೇ ನಾನು ಮೊದಲ ಸಲ ಕಂಡದ್ದು. ತಟ್ಟೆ ಕೆಳಗಿಟ್ಟು ನೆಲಕ್ಕೆ ಹಣೆ ಹಚ್ಚಿದ. ನನಗೆ ತಡೆಯಲಾಗಲಿಲ್ಲ. ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡೆ.

ಅಪ್ಪ ತುಂಬಾ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ನಿಧಾನವಾಗಿ ಕೇಳಿದ.

“ಇನ್ನೊಂದ್ ಮಾತು ತಾಯೀ. ನಂಗೊಬ್ಳು ಮಗಳವ್ಳೆ. ತರೀಕೆರೆಗೆ ಕೊಡ್ತೀನಿ ಅಂತ ಮಾತಾಡಿದೀನಿ. ಅವಳಿಗೆ ಅಲ್ಲಿ ನೆಮ್ಮದಿ ಐತಾ? ನೀನ್ ಹೇಳ್ದಂಗೆ ಕೇಳ್ತೀನಿ.”

ಒಂದೇ ಮಾತು ಸಾಕಿತ್ತು. ಮೇಷ್ಟ್ರಿಗೆ ಕೊಡು ಅಂದರೆ ಕೊಡುತ್ತಿದ್ದ. ಊರಮ್ಮನ ಅಪ್ಪಣೆ ಮೀರಲು ತಮ್ಮಯ್ಯನಿಗೂ ಎದೆಗಾರಿಕೆ ಇರಲಿಲ್ಲ. ಬಲಗಡೆಯ ತೂತಿನಲ್ಲಿ ಮೇಷ್ಟ್ರು ಕಂಡರು. ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದರು, ಕಣ್ಣಲ್ಲಿ ನೀರಿತ್ತು. ಆಸೆ ನಾಲಿಗೆಯ ತುದಿಗೆ ಬಂತು. ಎದುರಿಗೆ ಧೂಳು ಮೆತ್ತಿದ ಅಪ್ಪನ ಹಣೆ. ಆ ಹಣೆಗೆ ಸುಳ್ಳು ಹೇಳಿ ಗಂಡನನ್ನು ಪಡೆದರೆ ನಾಳೆ ಆ ಮನೆಯಲ್ಲಿ ನನಗೆ ಅನ್ನ ಇಳಿಯುತ್ತದೆಯೇ?

“ಅದನ್ನ ನನ್ ಯಾಕ್ ಕೇಳ್ತೀಯ? ನಿನ್ ಮಗಳನ್ನೇ ಕೇಳು” ಅಂದೆ.

ಲಕ್ಕಣ್ಣ ಬೇವಿನ ಸೊಪ್ಪು ಬೀಸುತ್ತಾ ಬಂದ. “ಅಮ್ಮ ಇಳೀತಾಳೆ, ದಾರಿ ಬಿಡಿ, ಯಾರೂ ಹಿಂದೆ ಬರ್ಬ್ಯಾಡಿ” ಎಂದು ಕೂಗಿ ನನ್ನನ್ನು ತೂಬಿನ ಹಿಂದಕ್ಕೆ ದಾಟಿಸಿದ. ಅಲ್ಲಿ ನಾನು ಗಂಟು ಬಿಚ್ಚುವಾಗ ಅವನು ಬೆನ್ನು ತಿರುಗಿಸಿ ನಿಂತ. ಒಳಗೆ ಯಾರಿದ್ದರೆಂದು ಅವನು ಸಾಯುವವರೆಗೂ ಕೇಳಲಿಲ್ಲ.

ಮೇಷ್ಟ್ರು ಓಡಿ ಬಂದರು. ಕನ್ನಡಕ ಎಲ್ಲೋ ಬಿದ್ದುಹೋಗಿತ್ತು.

“ಮೂರು ಇಲಿ ಅಂದ್ರಲ್ಲ, ಅದು... ಸುಮ್ನೆ ಹೇಳಿದ್ದು ತಾನೇ?”

ಅಮ್ಮನ ಸೀರೆಯ ಅಂಚು ತೋರಿಸಿದೆ. “ಇದನ್ನ ತರೋಕೆ ಹೋಗಿದ್ದೆ. ಒಂದು ಕಾಲಿಗೂ ತಗುಲ್ತು. ನಿಮಗೆ ಹೇಳ್ಬೇಕಿತ್ತು. ಹೇಳ್ದೇ ದಾರ ಕಟ್ಟಿಸ್ಕೊಂಡೆ. ದೂರ ನಿಲ್ಲಿ.”

ಅವರು ಒಂದು ಹೆಜ್ಜೆ ಹಿಂದೆ ಇಟ್ಟರು. ಅದು ನನ್ನ ಎದೆಗೆ ಚುಚ್ಚಿತು, ಸರಿಯಾದದ್ದೇ ಮಾಡಿದರು ಎಂದೂ ಅನಿಸಿತು. ಅಲ್ಲೇ ನಿಂತು ಕಣ್ಣು ಮುಚ್ಚಿ ಏನೋ ಯೋಚಿಸಿದರು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನಂಗೆ ತುಂಬಾ ಭಯ ಆಗ್ತಿದೆ ಕಣ್ರೀ” ಅಂದರು.

“ನಂಗೂ.”

“ಕೈ ಬಿಡ್ಲಾ?”

“ಬೇಡಿ.”

ಆ ರಾತ್ರಿ ಕಾಶಮ್ಮತ್ತೆಯನ್ನು ಒಳಗೆ ಮಲಗಿಸಿ ನಾನು ಹೊರಗೆ ಅಂಗಳದಲ್ಲಿ ಬಿದ್ದುಕೊಂಡೆ. ನಿದ್ದೆ ಬರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅಪ್ಪ ಊರ ಕಡೆಯಿಂದ ನಡೆದು ಬರುತ್ತಿರುವುದು ಕಾಣಿಸಿತು. ನನ್ನಿಂದ ಹತ್ತು ಮಾರು ದೂರದಲ್ಲಿ ನಿಂತ.

“ಹಿತ್ಲ ಕಿಟಕೀಲಿ ಬಗ್ಗಿ ನೋಡ್ದೆ. ಮೂರಲ್ಲ, ಈಗ ಐದಾಗವೆ. ಗಂಗಾಧರಯ್ಯನವ್ರಿಗೂ ತೋರ್ಸಿದೆ. ಯಾರೂ ಮನೆಗ್ ಹೋಗಲ್ಲ” ಅಂದ. “ಊರಮ್ಮ ಹೇಳವ್ಳೆ, ಮಗಳನ್ನೇ ಕೇಳು ಅಂತ. ಕೇಳ್ತಿದೀನಿ. ತರೀಕೆರೆ ಸಂಬಂಧ ನಿಂಗೆ ಒಪ್ಗೇನಾ?”

ಮುಖದ ಮೇಲೆ ಏನೂ ಇರಲಿಲ್ಲ. ಬೆಳಗಿನ ಗಾಳಿ ನೇರ ಕೆನ್ನೆಗೆ ಬೀಸುತ್ತಿತ್ತು. ನೆಲ ನೋಡುತ್ತಾ ಕೂತೆ.

“ಯಾಕೇ? ನಿನ್ನೆ ಅಷ್ಟ್ ಜನದ ಮುಂದೆ ಮಾತಾಡ್ದೋಳು ಈಗ ಮೂಗಿ ಆಗ್ಬಿಟ್ಯಾ?”

ತಲೆ ಎತ್ತಿದೆ. ಅಪ್ಪನ ಕಣ್ಣು ಕೆಂಪಾಗಿತ್ತು.

“ನಲವತ್ ವರ್ಷದಿಂದ ಸೋಮಕ್ಕೆ ಅಡ್ಡಬಿದ್ದಿದೀನಿ ಕಣವ್ವಾ. ಯಾವ ದೇವ್ರೂ ಕಾಲು ಹಿಂದಕ್ಕೆ ಎಳ್ಕೊಂಡಿಲ್ಲ. ಅಪ್ಪ ಅಡ್ಡಬಿದ್ರೆ ಎಳ್ಕೊಳ್ಳೋಳು ಮಗಳೇ.”

“ಗೊತ್ತಾದ್ಮೇಲೂ... ಮದುವೆ ವಿಷ್ಯ ಕೇಳಿದ್ಯಲ್ಲಪ್ಪಾ?”

“ಗೊತ್ತಾಗಿದ್ದಕ್ಕೇ ಕೇಳಿದ್ದು. ಮನೇಲಿ ನಿನ್ ಮುಖ ನೋಡಿ ಕೇಳೋ ಧೈರ್ಯ ನಂಗೆಲ್ಲಿತ್ತು? ಆ ಮುಖ್ವಾಡದ ಹಿಂದೆ ಇದ್ದಾಗ ನಿಜ ಹೇಳ್ಬಿಡ್ತೀಯೇನೋ ಅಂದ್ಕೊಂಡೆ. ನೀನು ವಾಪಸ್ ನನ್ಗೇ ತಿರುಗ್ಸಿಬಿಟ್ಟೆ.”

ನಾನು ಅಳಲು ಶುರುಮಾಡಿದೆ. ಅಳುತ್ತಲೇ ಹೇಳಿದೆ. “ತರೀಕೆರೆ ಬೇಡಪ್ಪಾ. ಮೇಷ್ಟ್ರು.”

“ಯಾವ್ ಮೇಷ್ಟ್ರು? ಈ ಪುಕ್ಕಲ?”

“ಹೂಂ.”

ಅಪ್ಪ ಮೇಷ್ಟ್ರ ಗುಡಿಸಲ ಕಡೆ ನೋಡಿದ, ಆಕಾಶ ನೋಡಿದ. ಕೊನೆಗೆ, “ಮೊದ್ಲು ಹತ್ ದಿನ ಕಳೀಲಿ. ನೀನ್ ಉಳ್ಕೋ. ಉಳಿದಿದ್ದು ಆಮೇಲೆ” ಅಂದ. ಹತ್ತು ದಿನ ಒಂಟಿ ಗುಡಿಸಲಿನಲ್ಲಿರುವುದು ಸರ್ಕಾರದ ನಿಯಮ. ಜನರಿಗೆ, ಸೀರೆ ತರಲು ಮನೆ ಹೊಕ್ಕಿದ್ದಳು ಎಂದಷ್ಟೇ ಹೇಳುವುದೆಂದಾಯಿತು.

ನಾನು ಎದ್ದು ತೋಟದ ಕೊನೆಗೆ ಹೊರಟೆ. ಅಪ್ಪ ದೂರದಲ್ಲಿ ಜೊತೆಗೆ ಬಂದ. ಹಿಂದಿನಿಂದ ಯಾರೋ ಏದುಸಿರು ಬಿಡುತ್ತಾ ಬರುವುದು ಕೇಳಿತು. ಮೇಷ್ಟ್ರು. ತಲೆಯ ಮೇಲೆ ಸುತ್ತಿದ ಹಾಸಿಗೆ, ಕಂಕುಳಲ್ಲಿ ಗರಿಯ ಕಟ್ಟು, ಕೈಯಲ್ಲಿ ತಂಬಿಗೆ. ಅಪ್ಪನನ್ನು ನೋಡಿ ಹಾಸಿಗೆ ಕೆಳಗೆ ಹಾಕಿದರು.

“ಎಲ್ಲಿಗಯ್ಯಾ ಸವಾರಿ?” ಅಪ್ಪ ಕೇಳಿದ.

ಮೇಷ್ಟ್ರು ಎಳೆಯ ಹುಡುಗರು ಪಾಠ ಒಪ್ಪಿಸುವ ಹಾಗೆ ಕೈ ಕಟ್ಟಿ ನಿಂತರು.

“ಸರ್ಕಾರದ ನಿಯಮ ಇದೆ, ಯಜಮಾನ್ರೇ. ಇಲಿ ಬಿದ್ದ ಮನೆ ಹೊಕ್ಕವರನ್ನ ಯಾರಾದ್ರೂ ಮುಟ್ಟಿದ್ರೆ ಅವರೂ ಹತ್ತು ದಿನ ಬೇರೆ ಇರ್ಬೇಕು.” ನನ್ನ ಕಡೆ ಒಮ್ಮೆ ನೋಡಿದರು. “ನಿನ್ನೆ ಸಂಜೆ ನಾನು ಇವರ ಕೈ ಹಿಡ್ಕೊಂಡಿದ್ದೆ.”

ನಾನು ಕಣ್ಣು ಮುಚ್ಚಿದೆ.

“ಇಲಿ ವಿಷ್ಯ ಗೊತ್ತಾಗೋಕ್ ಮುಂಚೆನೋ, ಆಮೇಲೋ?” ಅಪ್ಪ ಕೇಳಿದ.

“ಆಮೇಲೆ.”

ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. ಗರಿಯ ಕಟ್ಟನ್ನು ಎತ್ತಿಕೊಂಡು ನನ್ನ ಒಂಟಿ ಗುಡಿಸಲಿನಿಂದ ಇಪ್ಪತ್ತು ಹೆಜ್ಜೆ ಅಳೆದು ಅಲ್ಲಿ ಹಾಕಿದ.

ಆ ಹತ್ತು ದಿನಗಳನ್ನು ನಾನು ಯಾರಿಗೂ ಹಾರೈಸುವುದಿಲ್ಲ. ಬೆಳಗಾದರೆ ಕಂಕುಳು, ತೊಡೆಸಂದು ಮುಟ್ಟಿ ನೋಡಿಕೊಳ್ಳುವುದು. ಆಮೇಲೆ ಹೊರಗೆ ಬಂದು ಅವರ ಗುಡಿಸಲು ನೋಡುವುದು. ಅವರು ಹೊರಗೆ ಬರುವುದು ತಡವಾದರೆ ಒಳಗೆ ಹೋಗದೆ ಅಲ್ಲೇ ನಿಂತಿರುತ್ತಿದ್ದೆ. ನಾಲ್ಕನೇ ದಿನ ನನಗೆ ಮೈ ಬಿಸಿಯಾಯಿತು. ಹೇಳಲಿಲ್ಲ. ಸಂಜೆಗೆ ಇಳಿಯಿತು. ಏಳನೇ ದಿನ ಅವರು ಬಿಸಿಲೇರಿದರೂ ಹೊರಬರಲಿಲ್ಲ. ಇಪ್ಪತ್ತು ಹೆಜ್ಜೆಯಲ್ಲಿ ಹತ್ತೊಂಬತ್ತು ದಾಟಿ ಹೋಗಿ ಕೂಗಿದೆ. ಅವರು ಕಣ್ಣುಜ್ಜುತ್ತಾ ಎದ್ದು ಬಂದರು. “ರಾತ್ರಿಯೆಲ್ಲಾ ನಿಮಗೆ ಜ್ವರ ಬಂತೇನೋ ಅಂತ ಕಿವಿಗೊಟ್ಟು ಕೂತಿದ್ದೆ, ಬೆಳಗಿನ ಜಾವ ನಿದ್ದೆ ಹತ್ಬಿಡ್ತು” ಅಂದರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವರು ನಗುತ್ತಾ ಕೇಳಿಸಿಕೊಂಡರು. ಪಾರ್ಟಿನ ಮಾತಿಗಿಂತ ಇದೇ ಚೆನ್ನಾಗಿದೆ ಅಂದರು.

ಹತ್ತನೇ ದಿನ ಬೆಳಿಗ್ಗೆ ಅಪ್ಪ ಬಂದ. ಈ ಸಲ ಹತ್ತು ಮಾರು ದೂರದಲ್ಲಿ ನಿಲ್ಲಲಿಲ್ಲ. ನೇರ ಬಂದು ನನ್ನ ಹಣೆಗೆ ಅಂಗೈ ಇಟ್ಟ. ಅಮ್ಮ ಹೋದ ಮೇಲೆ ಅಪ್ಪ ನನ್ನನ್ನು ಮುಟ್ಟಿದ್ದು ನನಗೆ ನೆನಪಿರಲಿಲ್ಲ. ಕೈ ಒರಟಾಗಿತ್ತು, ಕೊಬ್ಬರಿಯ ವಾಸನೆ ಬರುತ್ತಿತ್ತು.

“ತಣ್ಣಗಿದೀಯ” ಅಂದ.

ಆಮೇಲೆ ಇಪ್ಪತ್ತು ಹೆಜ್ಜೆ ನಡೆದು ಆ ಗುಡಿಸಲ ಮುಂದೆ ನಿಂತ. ಮೇಷ್ಟ್ರು ಗಡಬಡಿಸಿ ಎದ್ದರು, ಅಂಗಿಯ ಗುಂಡಿಗೆ ಕೈ ಹಾಕಿದರು, ಅಷ್ಟರಲ್ಲಿ ಅಪ್ಪ ಅದೇ ಅಂಗೈಯನ್ನು ಅವರ ಹಣೆಯ ಮೇಲೂ ಇಟ್ಟ. ಜ್ವರ ನೋಡಲು ಅಷ್ಟು ಹೊತ್ತು ಬೇಕಾಗುವುದಿಲ್ಲ. ಅಪ್ಪ ಕೈ ತೆಗೆಯಲಿಲ್ಲ.